ಎರಡಲ್ಲ ಎಂದರೆ ಯಾರೂ ಇಲ್ಲ ಎಂದರ್ಥವಲ್ಲ

ಈಚೆಗೆ ನಮ್ಮ ಆದೋನಿ ಸೀಮೆಯ ವಿದ್ಯಾವಂತ ಕುಟುಂಬಗಳಲ್ಲಿ ವೇದಾಂತವು ಬಹಳ ಅಗ್ಗವಾಗಿದೆ. ವೇದಾಂತವು ನಾಲ್ಕು ಮನೆಗೆ ಹರಡುವುದಕ್ಕೆ ನಮ್ಮ ತಕರಾರಿಲ್ಲ. ಅದನ್ನು ಯಾವ ಕೆಲಸಕ್ಕೆ ಬಳಸಲಾಗುತ್ತಿದೆ ಎಂಬುದರ ಮೇಲೆ ಮಾತ್ರ ನಮ್ಮ ತಕರಾರು. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕಡಲಾಚೆಯ ದೇಶದಲ್ಲೋ ನೆಲೆಸಿದ ಮಗನು ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಾನೆ. ಮೊಣಕಾಲು ನೋವಿನಿಂದ ಏಳಲಾರದೆ ಕುಳಿತ ತಾಯಿ “ಇನ್ನೆರಡು ದಿನ ಇರಪ್ಪಾ” ಎನ್ನುತ್ತಾಳೆ. ಅದಕ್ಕೆ ಅವನು, “ಅಮ್ಮಾ, ಇಷ್ಟು ಅಂಟಿಕೊಳ್ಳಬಾರದು. ಎಲ್ಲ ಮಾಯೆ. ಆತ್ಮಕ್ಕೆ ಮಗನೂ ಇಲ್ಲ, ತಾಯಿಯೂ ಇಲ್ಲ” ಎಂದು ಬೋಧಿಸುತ್ತಾನೆ. ಮೊಬೈಲಿನಲ್ಲಿ ಅರ್ಧ ಗಂಟೆಯ ಪ್ರವಚನ ಕೇಳಿ ಸಂಪಾದಿಸಿದ ಬ್ರಹ್ಮಜ್ಞಾನವಿದು. ಮನೆಯನ್ನು ಮಗನ ಹೆಸರಿಗೆ ಬರೆದುಕೊಡುವ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಯಾರೊಬ್ಬರ ಬಾಯಿಂದಲೂ ಈ ಮಾತು ಬಂದುದನ್ನು ನಾವು ಕೇಳಿಲ್ಲ. ಅಲ್ಲಿ ತಂದೆ ತಂದೆಯೇ, ಮಗ ಮಗನೇ, ಸರ್ವೆ ನಂಬರು ಸರ್ವೆ ನಂಬರೇ.

ಇದನ್ನು ಹೇಳುವವರು ಮಕ್ಕಳು ಮಾತ್ರವಲ್ಲ. ಊರೂರು ತಿರುಗುವ ಕೆಲವು ಪ್ರವಚನಕಾರರು ಮುಂದಿನ ಸಾಲಿನಲ್ಲಿ ಕುಳಿತ ವೃದ್ಧರನ್ನು ನೋಡಿ, “ನಿಮ್ಮ ಮಕ್ಕಳು ನಿಮ್ಮವರಲ್ಲ, ಬಿಟ್ಟುಬಿಡಿ, ಹಗುರಾಗುತ್ತೀರಿ” ಎನ್ನುತ್ತಾರೆ. ಕೇಳಿದವರು ಕಣ್ಣೊರೆಸಿಕೊಂಡು ತಲೆಯಾಡಿಸುತ್ತಾರೆ. ಬಿಟ್ಟವರು ಯಾರು, ಬಿಡಿಸಿಕೊಂಡವರು ಯಾರು ಎಂಬುದನ್ನು ಪ್ರವಚನಕಾರರು ವಿಚಾರಿಸುವುದಿಲ್ಲ. ಬಿಡಬೇಕಾದ ಮಾತನ್ನು ಹೇಳುವುದೇ ಆದರೆ ಬಿಟ್ಟುಹೋದವನಿಗಲ್ಲವೆ ಮೊದಲು ಲೆಕ್ಕ ಕೇಳಬೇಕಾದುದು?

ನಮ್ಮದು ಮಂತ್ರಾಲಯದ ನೆರೆಯ ಸೀಮೆ. ಈ ಸಂಚಿಕೆಯನ್ನು ಓದುವವರಲ್ಲಿ ದ್ವೈತಿಗಳಿದ್ದಾರೆ, ವೀರಶೈವರಿದ್ದಾರೆ, ಯಾವ ಮತದ ಗೊಡವೆಯೂ ಬೇಡವೆನ್ನುವವರೂ ಇದ್ದಾರೆ. ಯಾವ ಸಿದ್ಧಾಂತ ಹೆಚ್ಚು, ಯಾವುದು ಕಡಿಮೆ ಎಂಬ ವಾದಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ. ಅದ್ವೈತದ ಹೆಸರಿನಲ್ಲಿ ಹೇಳುತ್ತಿರುವ ಈ ಮಾತು ಅದ್ವೈತವೇ ಅಲ್ಲವೆಂಬುದಷ್ಟೇ ನಮ್ಮ ವಾದ. ಅದ್ವೈತವೆಂದರೆ ಎರಡಲ್ಲ ಎಂದರ್ಥ. ಯಾರೂ ಇಲ್ಲ ಎಂಬುದು ಬೇರೆಯೇ ಮಾತು. ತಾಯಿಯೂ ತಾನೂ ಎರಡಲ್ಲವೆಂದು ಬಲ್ಲವನಿಗೆ ಆಕೆಯ ಮೊಣಕಾಲಿನ ನೋವು ಪರರ ನೋವಾಗುವುದು ಹೇಗೆ?

ಅದ್ವೈತದ ಅತಿ ಪ್ರಸಿದ್ಧವಾದ ಉಪದೇಶವು ಯಾರಿಂದ ಯಾರಿಗೆ ನಡೆಯಿತೆಂಬುದನ್ನು ಈ ಬೋಧಕರು ಒಮ್ಮೆಯಾದರೂ ನೆನೆದಿದ್ದಾರೆಯೆ? ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯವು ಒಬ್ಬ ತಂದೆಗೂ ಅವನ ಮಗನಿಗೂ ನಡೆದ ಮಾತುಕತೆ. ಉದ್ದಾಲಕ ಆರುಣಿಯು ಮಗ ಶ್ವೇತಕೇತುವನ್ನು ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಕಳುಹಿದನು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮಗನು ಎಲ್ಲವನ್ನೂ ಓದಿ, ತಾನೇ ಪಂಡಿತನೆಂಬ ಗತ್ತಿನಿಂದ ಹಿಂದಿರುಗಿದನು. (ಪದವಿ ಪಡೆದು ಮನೆಗೆ ಬರುವ ಹುಡುಗರ ಗತ್ತು ಇಂದಿನದಲ್ಲವೆಂಬುದು ನಮ್ಮಂಥ ಮೇಷ್ಟರುಗಳಿಗೆ ಒಂದು ಸಮಾಧಾನ.) ತಂದೆಯು ಅವನನ್ನು ಹಳಿಯಲಿಲ್ಲ, ನಿನಗಾಗಿ ಇಷ್ಟು ಮಾಡಿದೆನೆಂದು ಲೆಕ್ಕ ಒಪ್ಪಿಸಲಿಲ್ಲ, ನೀನು ಯಾರೋ ನಾನು ಯಾರೋ ಎನ್ನಲೂ ಇಲ್ಲ. ಯಾವುದನ್ನು ಅರಿತರೆ ಕೇಳದುದೂ ಕೇಳಿದಂತಾಗುವುದೋ ಅದನ್ನು ನಿನ್ನ ಗುರುಗಳಲ್ಲಿ ಕೇಳಿದೆಯಾ ಎಂದು ಒಂದು ಪ್ರಶ್ನೆ ಹಾಕಿದನು. ಮಗನ ಗತ್ತು ಅಲ್ಲಿಗೆ ಇಳಿಯಿತು.

ಆಮೇಲೆ ನಡೆದ ಪಾಠವನ್ನು ಬಿ.ಎಡ್. ತರಗತಿಗಳಲ್ಲಿ ಮಾದರಿ ಪಾಠವಾಗಿ ಇಡಬಹುದೆಂದು ನಮಗೆ ಎಷ್ಟೋ ಸಲ ಅನಿಸಿದೆ. ಆಲದ ಹಣ್ಣೊಂದನ್ನು ತಾ ಎನ್ನುತ್ತಾನೆ ತಂದೆ. ಒಡೆ ಎನ್ನುತ್ತಾನೆ. ಒಳಗಣ ಬೀಜವನ್ನು ಒಡೆಸಿ, ಏನು ಕಾಣುತ್ತದೆ ಎಂದು ಕೇಳುತ್ತಾನೆ. ಏನೂ ಕಾಣದೆಂದು ಮಗನು ಹೇಳಿದಾಗ, ಆ ಕಾಣದುದರಿಂದಲೇ ಇಷ್ಟು ದೊಡ್ಡ ಮರ ನಿಂತಿದೆಯೆಂದು ತೋರಿಸಿಕೊಡುತ್ತಾನೆ. ಇನ್ನೊಂದು ದಿನ ರಾತ್ರಿ ನೀರಿನಲ್ಲಿ ಉಪ್ಪು ಹಾಕಿಸಿ, ಬೆಳಗ್ಗೆ ಅದನ್ನು ಮೇಲಿಂದ, ನಡುವಿನಿಂದ, ತಳದಿಂದ ಗುಟುಕರಿಸಲು ಹೇಳುತ್ತಾನೆ. ಮಗನಿಗೆ ತಿಳಿಯದಾದಾಗ ಬೇರೆ ದೃಷ್ಟಾಂತ ಹುಡುಕುತ್ತಾನೆ. ತತ್ತ್ವಮಸಿ ಎಂದು ಹೆಸರಾದ ಮಹಾವಾಕ್ಯವನ್ನು ಒಂದಲ್ಲ, ಒಂಬತ್ತು ಬಾರಿ ಹೇಳುತ್ತಾನೆ. ಇನ್ನೂ ತಿಳಿಸೆಂದು ಮಗನು ಕೇಳಿದಷ್ಟು ಸಲವೂ ಆಗಲಿ ಮಗೂ ಎನ್ನುತ್ತಾನೆ. ಬೇಸರವೆಂಬುದಿಲ್ಲ. ತಂದೆಮಕ್ಕಳ ಸಂಬಂಧವು ತೊರೆಯತಕ್ಕ ಕಸವೇ ಆಗಿದ್ದರೆ ಈ ಮಹಾವಾಕ್ಯವು ನಮಗೆ ತಲುಪುತ್ತಲೇ ಇರಲಿಲ್ಲ. ತೈತ್ತಿರೀಯದಲ್ಲಿಯೂ ಹೀಗೆಯೇ. ಭೃಗುವು ಬ್ರಹ್ಮವನ್ನು ತಿಳಿಯಲು ತಂದೆ ವರುಣನ ಬಳಿಗೇ ಮತ್ತೆ ಮತ್ತೆ ಬರುತ್ತಾನೆ. ತಂದೆಯು ಉತ್ತರವನ್ನು ಬಾಯಿಗಿಡದೆ, ತಪಸ್ಸಿನಿಂದ ಕಂಡುಕೋ ಎಂದು ಮತ್ತೆ ಮತ್ತೆ ಕಳುಹುತ್ತಾನೆ.

ಇದಕ್ಕೆ ಎದುರಾಗಿ ಯಾಜ್ಞವಲ್ಕ್ಯನನ್ನು ಮುಂದಿಡುವವರಿದ್ದಾರೆ. ಮಕ್ಕಳು ಪ್ರಿಯರಾಗುವುದು ಮಕ್ಕಳಿಗಾಗಿ ಅಲ್ಲ, ಆತ್ಮಕ್ಕಾಗಿ ಎಂದು ಆತನು ಮೈತ್ರೇಯಿಗೆ ಹೇಳಿದನಲ್ಲವೆ ಎನ್ನುತ್ತಾರೆ. ಹೇಳಿದುದು ನಿಜ. ಆದರೆ ಅಲ್ಲಿ ಆತ್ಮವೆಂದರೆ ನಮ್ಮ ಸ್ವಾರ್ಥವಲ್ಲ. ಮಗನಲ್ಲಿ ನಾವು ಪ್ರೀತಿಸುವುದು ಯಾವುದನ್ನೋ ಅದೇ ಎಲ್ಲರಲ್ಲಿಯೂ ಇದೆಯೆಂದು ತಿಳಿದಾಗ ಪ್ರೀತಿಯು ಮನೆಯ ಹೊಸಿಲು ದಾಟಿ ಹೊರಗೆ ಹರಡಬೇಕು. ಇವರು ಅದನ್ನು ಹೊಸಿಲಿನ ಒಳಗೂ ಇಲ್ಲದಂತೆ ಒಣಗಿಸುತ್ತಿದ್ದಾರೆ. ಇನ್ನೊಂದು ಮಾತು. ಆ ಸಂವಾದ ಹುಟ್ಟಿದುದೇ, ಮನೆ ಬಿಟ್ಟು ಹೊರಡುವ ಮುನ್ನ ಇಬ್ಬರು ಹೆಂಡಿರಿಗೂ ಜೀವನಕ್ಕೆ ವ್ಯವಸ್ಥೆ ಮಾಡಿ ಇತ್ಯರ್ಥಗೊಳಿಸಬೇಕೆಂದು ಯಾಜ್ಞವಲ್ಕ್ಯನು ಕುಳಿತಾಗ. ತ್ಯಾಗಿಯಾಗಲು ಹೊರಟವನೂ ಹೊಣೆ ತೀರಿಸಿಯೇ ಹೊರಟನು.

ಯೋಗವಾಸಿಷ್ಠದ ಉಪಶಮ ಪ್ರಕರಣದಲ್ಲಿ ಬರುವ ಪುಣ್ಯ ಪಾವನರೆಂಬ ಸಹೋದರರ ಕಥೆಯನ್ನೂ ಪ್ರವಚನಗಳಲ್ಲಿ ಬಳಸುವುದುಂಟು. ತಂದೆತಾಯಿಗಳು ತೀರಿಕೊಂಡಾಗ ಅಳುತ್ತಿದ್ದ ತಮ್ಮ ಪಾವನನಿಗೆ ಅಣ್ಣ ಪುಣ್ಯನು, ಜನ್ಮಜನ್ಮಾಂತರಗಳಲ್ಲಿ ನಿನಗೆ ಎಷ್ಟು ಸಾವಿರ ತಂದೆತಾಯಿಗಳು ಆಗಿಹೋಗಿಲ್ಲ, ಯಾರಿಗೆಂದು ಅಳುವೆ ಎಂದು ಕೇಳುತ್ತಾನೆ. ಭಾಗ ಚೆನ್ನಾಗಿದೆ. ಆದರೆ ಅದನ್ನು ಹೇಳುವ ಹೊತ್ತಿಗೆ ಪುಣ್ಯನು ತಂದೆತಾಯಿಗಳ ಉತ್ತರಕ್ರಿಯೆಗಳನ್ನು ಮುಗಿಸಿ ಬಂದಿದ್ದನೆಂಬ ಭಾಗವನ್ನು ನಮ್ಮ ಪ್ರವಚನಕಾರರು ಏಕೆ ನುಂಗಿಹಾಕುತ್ತಾರೆ?

ಇನ್ನು ಅದ್ವೈತಾಚಾರ್ಯರ ಜೀವನವನ್ನೇ ನೋಡೋಣ. ಕಾಲಡಿಯ ಶಂಕರರು ಸಂನ್ಯಾಸ ಸ್ವೀಕರಿಸಿ ಹೊರಟಾಗ ತಾಯಿ ಆರ್ಯಾಂಬೆಗೆ ಒಂದು ಮಾತು ಕೊಟ್ಟರು. ಅಂತ್ಯಕಾಲದಲ್ಲಿ ಬಳಿಗೆ ಬರುವೆನು, ಸಂಸ್ಕಾರವನ್ನು ನಾನೇ ಮಾಡುವೆನು ಎಂಬುದೇ ಆ ಮಾತು. ಸಂನ್ಯಾಸಿಗೆ ಪೂರ್ವಾಶ್ರಮದ ತಾಯಿಯ ದಹನಕ್ರಿಯೆ ಸಲ್ಲದು. ಆದರೂ ಬಂದರು. ನೆಂಟರು ಬೆಂಕಿಯನ್ನೂ ಕೊಡಲಿಲ್ಲ, ಹೆಗಲನ್ನೂ ಕೊಡಲಿಲ್ಲವೆಂದೂ, ಆಚಾರ್ಯರು ಒಬ್ಬರೇ ಮನೆಯ ಬಳಿಯಲ್ಲಿ ಚಿತೆ ಸಿದ್ಧಪಡಿಸಿ ಸಂಸ್ಕಾರ ನಡೆಸಿದರೆಂದೂ ಮಾಧವೀಯ ಶಂಕರವಿಜಯದ ಪರಂಪರೆ ಹೇಳುತ್ತದೆ. ಜಗತ್ತು ಮಿಥ್ಯೆಯೆಂದು ಸಾರಿದವರೇ ಅವರು. ತಾಯಿಗೆ ಕೊಟ್ಟ ಮಾತನ್ನು ಅವರು ಮಿಥ್ಯೆಯ ಪಟ್ಟಿಗೆ ಸೇರಿಸಲಿಲ್ಲ. ವ್ಯವಹಾರದ ನೆಲೆಯಲ್ಲಿ ನಿಂತಿರುವವರೆಗೆ ವ್ಯವಹಾರದ ಧರ್ಮವೂ ನಿಂತಿರುತ್ತದೆಯೆಂಬುದು ಅವರ ಸಿದ್ಧಾಂತ. ತಿಂಗಳ ಸಂಬಳಕ್ಕೆ ವ್ಯಾವಹಾರಿಕ ಸತ್ಯ, ತಾಯಿಯ ಔಷಧಿಯ ಚೀಟಿಗೆ ಪಾರಮಾರ್ಥಿಕ ಸತ್ಯ ಎಂದು ಹಂಚಿಕೊಳ್ಳುವ ಹೊಸ ಸಿದ್ಧಾಂತವನ್ನು ಕಟ್ಟಿದವರು ಯಾರೋ ನಾವರಿಯೆವು.

ನಮ್ಮ ಕಾಲಕ್ಕೆ ಹತ್ತಿರದ ರಮಣ ಮಹರ್ಷಿಗಳನ್ನೇ ತೆಗೆದುಕೊಳ್ಳಿ. ಹುಡುಗನಾಗಿ ಮನೆ ಬಿಟ್ಟು ತಿರುವಣ್ಣಾಮಲೈಗೆ ಹೋದವರು ಮತ್ತೆ ಮನೆಗೆ ಮರಳಲಿಲ್ಲ. ತಾಯಿ ಅಳಗಮ್ಮಾಳ್ ಬಂದು ಅತ್ತು ಕರೆದರೂ ಹೋಗಲಿಲ್ಲ. ಆದರೆ 1916ರಲ್ಲಿ ಆ ತಾಯಿಯೇ ಬೆಟ್ಟಕ್ಕೆ ಬಂದು ನಿಂತಾಗ, ನಿನಗೂ ನನಗೂ ಏನು ಸಂಬಂಧವೆಂದು ಕೇಳಲಿಲ್ಲ. 1922ರ ಮೇ 19ರಂದು ಆಕೆ ಕೊನೆಯುಸಿರೆಳೆಯುವವರೆಗೆ ಒಂದು ಕೈಯನ್ನು ತಲೆಯ ಮೇಲೂ ಇನ್ನೊಂದನ್ನು ಎದೆಯ ಮೇಲೂ ಇಟ್ಟು ಗಂಟೆಗಟ್ಟಲೆ ಪಕ್ಕದಲ್ಲಿ ಕುಳಿತಿದ್ದರು. ಆ ತಾಯಿಯ ಸಮಾಧಿಯ ಮೇಲೆಯೇ ಇಂದು ಮಾತೃಭೂತೇಶ್ವರ ದೇವಾಲಯವಿದೆ.

ಇಷ್ಟು ಹೊತ್ತು ಮಕ್ಕಳ ಕಿವಿ ಹಿಂಡಿದೆವು. ತಂದೆತಾಯಿಗಳು ನಗುತ್ತ ಕೂರಬೇಕಾಗಿಲ್ಲ. ಅದ್ವೈತವು ಮಕ್ಕಳಿಗಿಂತ ನಮಗೇ ಹೆಚ್ಚು ಕಹಿಯಾದ ಮದ್ದು. ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿ ಶಂಕರರು ಅಧ್ಯಾಸವನ್ನು, ಅಂದರೆ ಒಂದರ ಮೇಲೆ ಇನ್ನೊಂದನ್ನು ಹೊರಿಸಿಕೊಳ್ಳುವ ಭ್ರಾಂತಿಯನ್ನು ವಿವರಿಸುವಾಗ ಎತ್ತಿಕೊಳ್ಳುವ ಒಂದು ಉದಾಹರಣೆ ಯಾವುದು ಗೊತ್ತೆ? ಮಗ ಹೆಂಡತಿ ಮೊದಲಾದವರು ಊನವಾದರೆ ತಾನೇ ಊನವಾದೆನೆಂದೂ, ಅವರು ಸಮೃದ್ಧರಾದರೆ ತಾನೇ ಸಮೃದ್ಧನೆಂದೂ ಮನುಷ್ಯನು ಭಾವಿಸುವುದು. ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ಯಾವುದೇ ಶಾಲೆಯ ಅಂಗಳದಲ್ಲಿ ನಿಂತು ನೋಡಿದವರಿಗೆ ಈ ಭಾಷ್ಯಕ್ಕೆ ಟೀಕೆ ಬೇಕಾಗಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಹಾಜರಿ ಪುಸ್ತಕ ಹಿಡಿದ ನಾವು ನೋಡಿದ್ದೇವೆ. ಮಗನಿಗೆ ಅಂಕ ಬಂದರೆ ತಂದೆಯ ಎದೆ ಉಬ್ಬುತ್ತದೆ. ಬಾರದಿದ್ದರೆ ತಂದೆಯೇ ನಪಾಸಾದವನಂತೆ ಮುಖ ಮರೆಸಿಕೊಂಡು ಹೋಗುತ್ತಾನೆ, ಮನೆಗೆ ಹೋಗಿ ಹುಡುಗನನ್ನು ಬಡಿಯುತ್ತಾನೆ. ಇದನ್ನು ಪ್ರೀತಿಯೆಂದು ಕರೆಯಲು ನಾವು ಸಿದ್ಧರಿಲ್ಲ. ಮಗನನ್ನು ಕನ್ನಡಿಯಾಗಿ ಇಟ್ಟುಕೊಂಡು ತನ್ನ ಮುಖವನ್ನೇ ನೋಡಿಕೊಳ್ಳುವುದು ಇದು.

ಕಠೋಪನಿಷತ್ತಿನ ವಾಜಶ್ರವಸನು ಸಿಟ್ಟಿನಲ್ಲಿ ಮಗನನ್ನು ಮೃತ್ಯುವಿಗೆ ಕೊಟ್ಟೇನೆಂದುಬಿಟ್ಟನು. ಹಾಲು ಬತ್ತಿದ ಹಸುಗಳನ್ನು ದಾನ ಮಾಡುತ್ತಿದ್ದವನಿಗೆ ಮಗನೂ ದಾನಕ್ಕಿರುವ ಸೊತ್ತಾಗಿ ಕಂಡನು. ನಚಿಕೇತನು ಯಮನಲ್ಲಿ ಕೇಳಿದ ಮೊದಲನೆಯ ವರ ಬ್ರಹ್ಮವಿದ್ಯೆಯಲ್ಲ. ತಂದೆಯ ಮನಸ್ಸು ಶಾಂತವಾಗಲಿ, ನಾನು ಮರಳಿದಾಗ ನನ್ನನ್ನು ಗುರುತಿಸಿ ಮಾತಾಡಿಸಲಿ ಎಂಬುದು. ಆತ್ಮವಿದ್ಯೆಗೆ ಅವನು ಮೂರನೆಯ ವರವನ್ನು ಇಟ್ಟುಕೊಂಡನು. ಈ ಅನುಕ್ರಮವನ್ನು ಗಮನಿಸಬೇಕು. “ಸಾಲ ಮಾಡಿ ಓದಿಸಿದೆವು, ಈಗ ನೋಡಿ” ಎಂದು ಬಂದವರ ಮುಂದೆಲ್ಲ ಮಗನ ಖಾತೆ ತೆರೆಯುವ ತಂದೆತಾಯಿಗಳು, ಆ ಹುಡುಗನು ಚಿತ್ರ ಬರೆಯುತ್ತೇನೆಂದಾಗ, ಹೊಲ ಮಾಡುತ್ತೇನೆಂದಾಗ, ಮೆಚ್ಚಿದವಳನ್ನು ಮದುವೆಯಾಗುತ್ತೇನೆಂದಾಗ ತಾವು ಏನೆಂದೆವೆಂದು ನೆನೆಯಲಿ. ಫೀಜನ್ನು ಠೇವಣಿಯೆಂದು ಕಟ್ಟಿದವರಿಗೆ ಬಡ್ಡಿಯೂ ಬ್ಯಾಂಕಿನ ಭಾಷೆಯಲ್ಲಿಯೇ ಬರುತ್ತದೆ, ತಿಂಗಳಿಗೊಮ್ಮೆ, ಮೌನವಾಗಿ.

ಇತ್ತ ನಮ್ಮ ಸೀಮೆಯಲ್ಲಿಯೇ ಈ ಉಪನ್ಯಾಸಗಳಿಗೆ ಬಾರದವರು ಹೇಗಿದ್ದಾರೆಂದು ನೋಡಬೇಕು. ಕೋಸಿಗಿ, ಕೌತಾಳ, ಪೆದ್ದಕಡಬೂರು ಕಡೆಯ ಹಳ್ಳಿಗಳಲ್ಲಿ ಮಳೆ ಕೈಕೊಟ್ಟು ಹತ್ತಿಯೂ ಹೋದರೆ ಜನ ಬೀಗ ಜಡಿದು ಸುಗ್ಗಿಗೆ ಹೊರಡುತ್ತಾರೆ. ಗುಂಟೂರಿನ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿನ ಕಟ್ಟಡಗಳಲ್ಲಿ ಕಲ್ಲುಮಣ್ಣು ಹೊರಲು ಹೋಗುತ್ತಾರೆ. ಡಿಸೆಂಬರು ಬಂದರೆ ತರಗತಿಗಳ ಬೆಂಚುಗಳು ಬರಿದಾಗುತ್ತಿದ್ದವು. ಕೆಲವರು ಮಕ್ಕಳನ್ನು ಜೊತೆಗೇ ಒಯ್ಯುತ್ತಿದ್ದರು. ಕೆಲವರು ಅಜ್ಜಿಯ ಬಳಿ ಬಿಟ್ಟು, ಇಲ್ಲವೆ ಸರ್ಕಾರದ ಋತುಮಾನದ ಹಾಸ್ಟೆಲುಗಳಿಗೆ ಸೇರಿಸಿ ಹೋಗುತ್ತಿದ್ದರು. ಲಾರಿ ಹತ್ತುವ ತಾಯಿ ಮಗುವಿನ ಕೈ ಬಿಡಿಸಿಕೊಳ್ಳುವಾಗ ಎಲ್ಲ ಮಾಯೆಯೆಂದು ಹೇಳಿದುದನ್ನು ನಾವು ಕಂಡಿಲ್ಲ. ಹಿಂದಿರುಗಿದವಳು ಮೊದಲು ಅತ್ತೆಯ ಸೀರೆಗೂ ಮಗುವಿನ ಅಂಗಿಗೂ ಗಂಟು ಬಿಚ್ಚುತ್ತಿದ್ದಳು. ಅವರ ಅಗಲಿಕೆ ಹೊಟ್ಟೆಯ ಪಾಡಿನದು, ಅದನ್ನು ನಾವು ಹೊಗಳುತ್ತಿಲ್ಲ. ಆ ಮಕ್ಕಳ ಓದು ಅಲ್ಲಿಗೇ ಕಡಿದುಹೋದುದು ನಮ್ಮ ಸೀಮೆಯ ದೊಡ್ಡ ನಷ್ಟ. ಅಗಲಿಕೆಗೆ ವೇದಾಂತದ ಅಂಗಿ ತೊಡಿಸದಿರುವ ಪ್ರಾಮಾಣಿಕತೆ ಅವರಲ್ಲಿದೆಯೆಂಬುದಷ್ಟೇ ನಮ್ಮ ಮಾತು.

ಅಭೇದವನ್ನು ಬಾಳಿ ತೋರಿಸಿದವರು ಬೇಕೆಂದರೆ ದೂರ ಹೋಗಬೇಕಾಗಿಲ್ಲ. ನಮ್ಮ ಚಿಪ್ಪಗಿರಿಯಲ್ಲಿ ನೆಲೆಸಿ, 1755ರಲ್ಲಿ ಅಲ್ಲಿಯೇ ದೇಹವಿಟ್ಟ ವಿಜಯದಾಸರು ಮತದಿಂದ ಅಪ್ಪಟ ದ್ವೈತಿಗಳು. ಹಸುಗೂಸಿನೊಡನೆ ನೀರಿಗೆ ಬೀಳಲು ಹೊರಟಿದ್ದ ಹೆಂಗಸೊಬ್ಬಳನ್ನು ಅವರು ತಡೆದು, ಮನೆಗೆ ಕರೆತಂದು ಆಶ್ರಯವಿತ್ತು, ಆ ಕೂಸನ್ನು ಸ್ವಂತ ಮಗನಂತೆ ಸಾಕಿದರೆಂದು ದಾಸಪರಂಪರೆಯ ಚರಿತ್ರೆ ಹೇಳುತ್ತದೆ. ಆ ಕೂಸೇ ಮುಂದೆ ಮೋಹನದಾಸರಾದುದು. ನನ್ನ ರಕ್ತ, ಅವರ ರಕ್ತವೆಂಬ ಭೇದವನ್ನು ಅಳಿಸಿದ ಈ ದ್ವೈತಿಯ ಎದುರಿಗೆ, ಹೆತ್ತವಳನ್ನೇ ಬೇರೆಯೆಂದು ಬಗೆದ ನಮ್ಮ ಅದ್ವೈತಿ ಮಗನನ್ನು ನಿಲ್ಲಿಸಿ ನೋಡಿ. ಆದೋನಿಯಲ್ಲಿಯೇ ಮಹಾಯೋಗಿ ಲಕ್ಷ್ಮಮ್ಮನವರ ಗುಡಿಯಿದೆ. ಸಂಸಾರದಲ್ಲಿ ನಿಲ್ಲದ ಆ ಅವಧೂತೆಯನ್ನು ಊರೆಲ್ಲ ಅವ್ವ ಎನ್ನುತ್ತದೆ. ತೆಲುಗರ ಕಿವಿಗೆ ಅದು ಅಜ್ಜಿ, ಕನ್ನಡಿಗರ ಕಿವಿಗೆ ತಾಯಿ. ತೇರಿನ ದಿನ ಎರಡೂ ಒಂದೇ ಕೂಗಾಗುತ್ತದೆ.

ಕಾನೂನಿನ ವಿಷಯವನ್ನೂ ಇಲ್ಲಿ ಹೇಳಿಬಿಡುತ್ತೇವೆ, ಏಕೆಂದರೆ ಸಂಘದ ಹಿರಿಯ ಸದಸ್ಯರಲ್ಲಿ ಹಲವರಿಗೆ ಇದು ತಿಳಿಯದು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಉಪವಿಭಾಗದ ಮಟ್ಟದ ಅಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರೆ ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಲು ಆ ಕಾಯ್ದೆಯಲ್ಲಿ ಅವಕಾಶವಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ಹಿಂದಕ್ಕೆ ಪಡೆಯುವ ದಾರಿಯೂ ಇದೆ. ಆದುದರಿಂದ ದಾನಪತ್ರ ಬರೆಯುವವರು ಷರತ್ತನ್ನು ಬಾಯಿಮಾತಿಗೆ ಬಿಡದೆ ಪತ್ರದಲ್ಲಿಯೇ ಬರೆಸುವುದು ಲೇಸು. ಆದರೆ ಕಾಯ್ದೆಯು ಹಣ ಕೊಡಿಸೀತು, ಪಕ್ಕದಲ್ಲಿ ಕೂರಿಸಲಾರದು.

ಪಕ್ಕದಲ್ಲಿ ಕುಳಿತರೂ ಆಡುವುದಕ್ಕೆ ಮಾತು ಬೇಕಲ್ಲ. ಕನ್ನಡ ಸಂಘದ ವೇದಿಕೆಯಲ್ಲಿ ಇದನ್ನು ಹೇಳದಿದ್ದರೆ ಬೇರೆಲ್ಲಿ ಹೇಳಬೇಕು? 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈ ಕಡೆಗೆ ಬಂದವು. ಅಂದಿನಿಂದ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂದು ಎರಡು ನಾಲಗೆಗಳಲ್ಲಿ ಬದುಕಿದೆವು, ಅದರಿಂದ ಬಡವಾಗಲಿಲ್ಲ. ಈಗ ಮೊಮ್ಮಕ್ಕಳಿಗೆ ಮನೆಯಲ್ಲಿಯೂ ಇಂಗ್ಲಿಷು. ಹೊಳಗುಂದದ ಕಡೆಯ ಅಜ್ಜಿಯೊಬ್ಬಳಿಗೆ ಮೊಮ್ಮಗು ಮೊಬೈಲಿನ ಪರದೆಯಲ್ಲಿ ಕೈ ಬೀಸುತ್ತದೆ, ಅಜ್ಜಿಯೂ ಬೀಸುತ್ತಾಳೆ, ಮಾತು ಮುಗಿಯಿತು. ಉದ್ದಾಲಕನು ಮಗನಿಗೆ ಒಂಬತ್ತು ಬಾರಿ ಹೇಳಿದುದು ಇಬ್ಬರಿಗೂ ಬರುವ ಭಾಷೆಯಲ್ಲಿ. ಆಲದ ಹಣ್ಣು ಎಂದರೇನೆಂದು ತಿಳಿಯದ ಮಗುವಿಗೆ ಯಾವ ಅಜ್ಜ ಅದನ್ನು ಒಡೆದು ತೋರಿಸಬೇಕು? ಈ ಬೇಲಿಯನ್ನು ಹಾಕಿದವರು ಮಕ್ಕಳಲ್ಲ. ಮನೆಯಲ್ಲಿ ಕನ್ನಡವಾಡಿದರೆ ಹುಡುಗ ಹಿಂದೆ ಬೀಳುತ್ತಾನೆಂದು ಹೆದರಿದ ನಮ್ಮ ಪೀಳಿಗೆಯವರು.

ಸಂಘದವರಲ್ಲಿ ನಮ್ಮದೊಂದು ಬೇಡಿಕೆಯಿದೆ. ಮುಂದೆ ವೇದಾಂತ ಪ್ರವಚನಕ್ಕೆ ಯಾರನ್ನಾದರೂ ಕರೆಸುವುದಾದರೆ ಛಾಂದೋಗ್ಯದ ಆರನೆಯ ಅಧ್ಯಾಯವನ್ನು ಪೂರ್ತಿಯಾಗಿ, ಒಂಬತ್ತು ಆವೃತ್ತಿಗಳನ್ನೂ ಬಿಡದೆ, ತಂದೆಯೂ ಮಗನೂ ಜೊತೆಯಲ್ಲಿ ಕುಳಿತು ಕೇಳುವಂತೆ ಏರ್ಪಡಿಸಿರಿ. ಊರಿನಿಂದ ದೂರವಿರುವವರು ಬರುವ ಹಬ್ಬದ ದಿನಗಳನ್ನೇ ಅದಕ್ಕೆ ಗೊತ್ತುಮಾಡಿರಿ.

ನಿವೃತ್ತ ಮೇಷ್ಟರಿಗೆ, ಅದರಲ್ಲಿಯೂ ಮಕ್ಕಳುಮರಿಯುಳ್ಳ ಗೃಹಸ್ಥರಿಗೆ, ವೇದಾಂತವಿಚಾರದಲ್ಲಿ ಬಾಯಿ ಹಾಕಲು ಏನಧಿಕಾರವೆಂದು ಕೇಳುವವರಿದ್ದಾರೆ. ಈಗಾಗಲೇ ಒಬ್ಬಿಬ್ಬರು ಕೇಳಿದ್ದಾರೆ. ಅವರು ಉದ್ದಾಲಕನು ಯಾವ ಆಶ್ರಮದಲ್ಲಿದ್ದನೆಂಬುದನ್ನು ನೋಡಿಕೊಂಡು ನಮ್ಮ ಮನೆಗೆ ಬರಲಿ. ಸಂಜೆ ಐದರ ಮೇಲೆ ನಾವು ಮನೆಯಲ್ಲಿಯೇ ಇರುತ್ತೇವೆ. ಚಹಾ ಕುಡಿಯುತ್ತ ವಾದವನ್ನು ಮುಂದುವರಿಸಬಹುದು. ಬರುವಾಗ ಮಗನನ್ನೋ ಮಗಳನ್ನೋ ಜೊತೆಗೆ ಕರೆತರಲಿ.